ಬೆಂಗಳೂರಿನಿಂದ ಜರ್ಮನಿಗೆ ಆನ್‌ಸೈಟ್: ವೀಸಾಗಿಂತ ಮೊದಲು ಕರಾರು ನೋಡಿ

ಬೆಂಗಳೂರಿನ ಐಟಿ, ಎಂಜಿನಿಯರಿಂಗ್ ಕಂಪನಿಗಳಲ್ಲಿ ಆನ್‌ಸೈಟ್ ಅಂದರೆ ಅಮೆರಿಕ ಎಂದೇ ತಿಳಿಯುತ್ತಿದ್ದ ಕಾಲ ಹೋಯಿತು. 2022ರ ಡಿಸೆಂಬರಿನಲ್ಲಿ ಭಾರತ ಮತ್ತು ಜರ್ಮನಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತೀಯ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆಂದು ಜರ್ಮನಿ 2024ರ ಅಕ್ಟೋಬರಿನಲ್ಲಿ ಹೇಳಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಹೀಗಾಗಿ ಎಚ್‌ಆರ್ ವಿಭಾಗಗಳು ಜರ್ಮನಿಯ ನಿಯಮಗಳನ್ನು ಅವಸರದಲ್ಲಿ ಕಲಿಯುತ್ತಿವೆ. ಆ ಅವಸರದಲ್ಲಿ ಎಲ್ಲರೂ ವೀಸಾ ಅಪಾಯಿಂಟ್‌ಮೆಂಟಿನ ಹಿಂದೆ ಬೀಳುತ್ತಾರೆ. ಜರ್ಮನಿಯಲ್ಲಿ ಇರುವಷ್ಟು ದಿನ ಸಂಬಳ ಕೊಡುವ ಕಂಪನಿ ಯಾವುದು ಎಂಬುದನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

ದಾರಿ ಮುಖ್ಯವಾಗಿ ಎರಡು. ಬೆಂಗಳೂರಿನ ಕಂಪನಿಯ ಉದ್ಯೋಗಿಯಾಗಿಯೇ ಉಳಿದು, ಅದೇ ಸಮೂಹದ ಜರ್ಮನ್ ಶಾಖೆಗೆ ಹೋಗುವವರಿಗೆ ಐಸಿಟಿ ಕಾರ್ಡ್ ಎಂಬ ವಾಸದ ಪರವಾನಗಿ. ಇದು ಮ್ಯಾನೇಜರ್ ಮತ್ತು ತಜ್ಞರಿಗೆ ಹೆಚ್ಚೆಂದರೆ ಮೂರು ವರ್ಷ ಸಿಗುತ್ತದೆ. ಹೊರಡುವ ಮುಂಚೆ ಸಮೂಹದಲ್ಲಿ ಕನಿಷ್ಠ ಆರು ತಿಂಗಳು ಕೆಲಸ ಮಾಡಿರಬೇಕು. ಎರಡನೆಯದು ಜರ್ಮನ್ ಕಂಪನಿಯೊಂದಿಗೇ ಕರಾರು ಮಾಡಿಕೊಂಡು ಬ್ಲೂ ಕಾರ್ಡ್ ಎಂಬ ಪರವಾನಗಿ ಪಡೆಯುವುದು. 2025ರಲ್ಲಿ ಇದಕ್ಕೆ ಬೇಕಿದ್ದ ವಾರ್ಷಿಕ ಸಂಬಳ 48,300 ಯೂರೊ. ಐಟಿಯಂಥ ಕೊರತೆಯ ವೃತ್ತಿಗಳಿಗೆ 43,759.80 ಯೂರೊ. ಈ ಮೊತ್ತ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ, ಆದ್ದರಿಂದ ನವೆಂಬರಿನಲ್ಲಿ ಅಂಚಿಗೆ ಅಂಚು ಕೂರಿಸಿದ ಆಫರ್ ಲೆಟರ್ ಜನವರಿಯ ಅರ್ಜಿಗೆ ಸಾಲದೇ ಹೋಗಬಹುದು. ಬ್ಲೂ ಕಾರ್ಡ್ ಇದ್ದವರು ಬಿ1 (ಮಧ್ಯಮ) ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೆ, ಎ1 (ಆರಂಭಿಕ) ಮಟ್ಟದಲ್ಲಿ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು. ಐಸಿಟಿಗೆ ಈ ಒಳದಾರಿ ಇಲ್ಲ. ಅಲ್ಲೇ ನೆಲೆಸುವ ಆಸೆ ಇರುವವರಿಗೆ ಈ ವ್ಯತ್ಯಾಸವನ್ನು ಸಹಿ ಹಾಕಿಸುವ ಮುಂಚೆಯೇ ಹೇಳುವುದು ಕಂಪನಿಯ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ಪಿಎಫ್ ಕೂಡ ಕರಾರಿನ ಮೇಲೆ ನಿಂತಿದೆ. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಕಂಪನಿಯೇ ಕಳಿಸಿದ್ದರೆ ಇಪಿಎಫ್‌ಒ ಪೋರ್ಟಲ್‌ನಲ್ಲಿ ಸರ್ಟಿಫಿಕೇಟ್ ಆಫ್ ಕವರೇಜ್, ಅಂದರೆ ವಂತಿಗೆ ಭಾರತದಲ್ಲೇ ಕಟ್ಟುತ್ತಿದ್ದಾರೆ ಎಂಬ ಪ್ರಮಾಣಪತ್ರ, ತೆಗೆದುಕೊಳ್ಳಬೇಕು. ಅದಿದ್ದರೆ 48 ತಿಂಗಳವರೆಗೆ ಪಿಎಫ್ ಇಲ್ಲೇ ಮುಂದುವರಿಯುತ್ತದೆ, ಜರ್ಮನ್ ಪಿಂಚಣಿ ವಂತಿಗೆ ಕಟ್ಟಬೇಕಿಲ್ಲ. ಆ ವಂತಿಗೆ ಸಂಬಳದ ಶೇ. 18.6, ಅರ್ಧ ಉದ್ಯೋಗಿಯದು, ಅರ್ಧ ಕಂಪನಿಯದು. ಪ್ರಮಾಣಪತ್ರ ತಡವಾಗಲು ಕಾರಣ ಹೆಚ್ಚಾಗಿ ಸಣ್ಣದು: ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ದಾಖಲೆಯಲ್ಲಿರುವ ಹೆಸರು ಅಥವಾ ಜನ್ಮದಿನಾಂಕ ಪಾಸ್‌ಪೋರ್ಟಿಗೆ ತಾಳೆಯಾಗುವುದಿಲ್ಲ. ಇನ್ನೊಂದು ಎಚ್ಚರ, ಆ ಪ್ರಮಾಣಪತ್ರ ಆರೋಗ್ಯ ವಿಮೆ ಅಲ್ಲ. ಕಂಪನಿ ಬೇರೆ ವಿಮೆ ಕೊಳ್ಳಬೇಕು. ಪ್ರವಾಸಿ ವಿಮೆ ತೋರಿಸಿದರೆ ವಾಸದ ಪರವಾನಗಿ ಕೊಡುವ ಕಚೇರಿ ಒಪ್ಪುವುದಿಲ್ಲ.

ಹೆಸರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಕರ್ನಾಟಕದವರಿಗೆ ಇದು ಎಲ್ಲ ಕಡೆ ಎಡವುವ ಕಲ್ಲು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಕೆ. ಎಸ್., ಆಧಾರ್‌ನಲ್ಲಿ ಬರೀ ಮಂಜುನಾಥ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರು ಬಿಡಿಸಿ ಬರೆದದ್ದು, ಸರ್‌ನೇಮ್ ಜಾಗ ಖಾಲಿ. ಜರ್ಮನಿಯಲ್ಲಿ ಸರ್‌ನೇಮ್ ಇಲ್ಲದೆ ಯಾವ ಫಾರಂ ಕೂಡ ಮುಂದಕ್ಕೆ ಹೋಗುವುದಿಲ್ಲ. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಯಂತ್ರ ಓದುವ ಹೆಸರು ಹೇಗಿದೆಯೋ ಹಾಗೆಯೇ ಕರಾರು, ಟಿಕೆಟ್, ಬ್ಯಾಂಕು, ಬಾಡಿಗೆ ಪತ್ರ ಎಲ್ಲದರಲ್ಲೂ ಬರೆಯಿಸಿ. ಹೆಂಡತಿಯ ಹೆಸರಿಗೂ ಇದೇ ಮಾತು. ಛತ್ರದಲ್ಲೋ ದೇವಸ್ಥಾನದಲ್ಲೋ ಆದ ಮದುವೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿರದಿದ್ದರೆ ಸಂಗಾತಿಯ ವೀಸಾ ಅರ್ಜಿ ಶುರುವೇ ಆಗುವುದಿಲ್ಲ. ಬ್ಲೂ ಕಾರ್ಡ್‌ದಾರರ ಸಂಗಾತಿಗೆ ಜರ್ಮನ್ ಪರೀಕ್ಷೆಯ ಕಡ್ಡಾಯ ಇಲ್ಲ, ಹೋದ ಕೂಡಲೇ ಕೆಲಸಕ್ಕೂ ಸೇರಬಹುದು. ಆದರೆ ಭಾಷೆ ಬಾರದೆ ಕೆಲಸ ಸಿಗುವುದು ಕಷ್ಟ. ಹಾಗಾಗಿ ಭಾಷಾ ತರಗತಿಯ ಖರ್ಚನ್ನು ಸಂಗಾತಿಗೂ ಕೊಡಿ ಎಂದು ಕಂಪನಿಯನ್ನು ಕೇಳಿ. ಮನೆಯಲ್ಲಿ ಒಬ್ಬರು ಕೂತಲ್ಲೇ ಕೂರುವಂತಾದರೆ ಇಡೀ ಸಂಸಾರ ವರ್ಷದೊಳಗೆ ವಾಪಸ್ ಹೊರಡುವ ಮಾತಾಡುತ್ತದೆ.

ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಣಿ, ಅಂದರೆ ಆನ್ಮೆಲ್ಡುಂಗ್, ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರ ಲಿಖಿತ ದೃಢೀಕರಣ ಬೇಕು. ಕಂಪನಿ ಕೊಡಿಸುವ ಮೊದಲ ತಿಂಗಳಿನ ಸರ್ವಿಸ್ ಅಪಾರ್ಟ್‌ಮೆಂಟುಗಳು ಹಲವು ಬಾರಿ ಈ ಪತ್ರ ಕೊಡುವುದಿಲ್ಲ. ಪತ್ರ ಇಲ್ಲದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಅಂಚೆಯಲ್ಲಿ ತೆರಿಗೆ ಸಂಖ್ಯೆ ಬರುವುದಿಲ್ಲ. ಆ ಸಂಖ್ಯೆ ಇಲ್ಲದಿದ್ದರೆ ಪೇರೋಲ್‌ನವರು ಆರನೇ ತೆರಿಗೆ ವರ್ಗದಲ್ಲಿ ಜೋರಾಗಿ ಕಡಿತ ಮಾಡಬಹುದು. ಬುಕ್ ಮಾಡುವ ಮುಂಚೆ ಈ ಒಂದು ಪತ್ರದ ಬಗ್ಗೆ ಇಮೇಲಿನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಕೈಗೆ ಬರುವ ಸಂಬಳದ ಲೆಕ್ಕದಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ಮದುವೆಯಾದವರಿಗೆ ಕಡಿತ ಕಡಿಮೆ ಇರುವ ಮೂರನೇ ತೆರಿಗೆ ವರ್ಗದ ಲೆಕ್ಕ ತೋರಿಸಿ ಆಸೆ ಹುಟ್ಟಿಸುತ್ತಾರೆ. ಹೆಂಡತಿ ಇನ್ನೂ ಬೆಂಗಳೂರಿನಲ್ಲಿದ್ದರೆ ಸಿಗುವುದು ಒಂದನೇ ವರ್ಗ. ಆಕೆ ಬಂದು ನೋಂದಣಿಯಾದ ಮೇಲೂ ತಾನಾಗಿ ಬರುವುದು ನಾಲ್ಕನೇ ವರ್ಗ; ಮೂರಕ್ಕೆ ಅರ್ಜಿ ಹಾಕಬೇಕು. ಮಕ್ಕಳ ಪರೀಕ್ಷೆ ಮುಗಿಯಲಿ, ಟಿಸಿ ತೆಗೆದುಕೊಂಡು ಬರೋಣ ಎಂದು ಸಂಸಾರವನ್ನು ಇಲ್ಲೇ ಬಿಟ್ಟು ಹೋಗುವವರಿಗೆ ಅಷ್ಟೂ ತಿಂಗಳು ಕಡಿಮೆ ಸಂಬಳ, ಜತೆಗೆ ಎರಡು ಮನೆ ಬಾಡಿಗೆ.

ಬಾಡಿಗೆಯ ಠೇವಣಿ ಬೆಂಗಳೂರಿನ ಅಡ್ವಾನ್ಸಿನ ಹಾಗೆ ಬಾಯಿಗೆ ಬಂದಷ್ಟಲ್ಲ. ಹೀಟಿಂಗ್ ಮುಂತಾದ ಖರ್ಚು ಬಿಟ್ಟ ಬಾಡಿಗೆಯ ಮೂರು ತಿಂಗಳಷ್ಟೇ ಕಾನೂನಿನ ಮಿತಿ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕಿದೆ. ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ಬರೀ ನಲ್ಲಿ ಮತ್ತು ಗೋಡೆ. ಒಲೆ, ಸಿಂಕು, ಕಪಾಟು ನೀವೇ ಹಾಕಿಸಬೇಕು. ಭಾರತದ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ.

ಇಲ್ಲಿಯ ಆದಾಯ ತೆರಿಗೆಗೆ ಹೊರಡುವ ದಿನಾಂಕ ಮುಖ್ಯ. ಕೆಲಸಕ್ಕೆಂದು ವಿದೇಶಕ್ಕೆ ಹೊರಡುವ ಭಾರತೀಯರು ಆ ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ರೆಸಿಡೆಂಟ್, ಅಂದರೆ ತೆರಿಗೆಯ ಮಟ್ಟಿಗೆ ಇಲ್ಲಿಯ ನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಆ ದಿನ ಸೆಪ್ಟೆಂಬರ್ 29. ಆಗಸ್ಟ್ ಕೊನೆಗೆ ಹೋದವರು ದೀಪಾವಳಿಗೆ, ತಮ್ಮನ ಮದುವೆಗೆ ಅಂತ ಒಂದು ತಿಂಗಳು ಬಂದರೆ ಆ ದಿನಗಳೂ ಸೇರಿ ಮಿತಿ ದಾಟುತ್ತದೆ. ಜರ್ಮನಿಯ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ಹಾಗಾಗಿ ಎರಡೂ ದೇಶದ ದಿನಗಳನ್ನು ಪಾಸ್‌ಪೋರ್ಟ್ ಮುದ್ರೆ ನೋಡಿ ಬೇರೆ ಬೇರೆ ಬರೆದಿಡಿ. ಬೆಂಗಳೂರಿನ ಸಂಬಳದ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸುವುದನ್ನೂ ಬಹಳ ಜನ ಮರೆಯುತ್ತಾರೆ.

ವಾಪಸ್ ಬರುವಾಗ ವಿಳಾಸ ರದ್ದು ಮಾಡಿಸಿ ಚೀಟಿ ಪಡೆಯಿರಿ. ತಿಂಗಳಿಗೆ 18.36 ಯೂರೊ ಇರುವ ಟಿವಿ-ರೇಡಿಯೊ ಶುಲ್ಕ ನಿಲ್ಲಿಸಲು ಆ ಚೀಟಿಯ ಪ್ರತಿ ಕಳಿಸಬೇಕು. ಠೇವಣಿ ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯುವುದರಿಂದ ಅಲ್ಲಿಯ ಬ್ಯಾಂಕ್ ಖಾತೆಯನ್ನು ಅಲ್ಲಿಯವರೆಗೆ ಮುಚ್ಚಬೇಡಿ.