ಇಪ್ಪತ್ತು ಹೆಜ್ಜೆ ಹಿಂದಕ್ಕೆ

ಫೋಟೋ ತೆಗೆಯೋದು ನನ್ನ ಹೊಟ್ಟೆಪಾಡು. ಅಮೆರಿಕದ ಮೇರಿಲ್ಯಾಂಡ್, ವರ್ಜೀನಿಯಾ ಕಡೆಯ ಕನ್ನಡದವರ ಮನೆಗಳ ಮದುವೆ, ಸೀಮಂತ, ಹುಟ್ಟುಹಬ್ಬಗಳೇ ಜಾಸ್ತಿ. ಒಂದು ಬೇಸಿಗೆಯಲ್ಲಿ ಮಾತ್ರ, ಪತ್ರಿಕೆಯೊಂದಕ್ಕೆ ಅಪಲೇಚಿಯನ್ ಟ್ರೇಲ್ ನಡೆಯುವವರ ಚಿತ್ರ ತೆಗೆದುಕೊಡುವ ಕೆಲಸ ಸಿಕ್ಕಿತು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್‌ನ ಕಟಾಡಿನ್ ತನಕ ಹದಿನಾಲ್ಕು ರಾಜ್ಯ ದಾಟುವ, ಸುಮಾರು 3,500 ಕಿ.ಮೀ. ಕಾಲುದಾರಿ ಅದು. ನಾನು ಬೀಡುಬಿಟ್ಟದ್ದು ಆ ದಾರಿಯಲ್ಲಿ ಸಿಗುವ ಹಾರ್ಪರ್ಸ್ ಫೆರಿ ಅನ್ನೋ ಊರಿನ ಹತ್ತಿರ. ದಕ್ಷಿಣದಿಂದ ಹೊರಟವರು ಅಲ್ಲಿಗೆ ಬರುವ ಹೊತ್ತಿಗೆ 1,600 ಕಿ.ಮೀ. ಮೀರಿ ನಡೆದಿರುತ್ತಾರೆ.

ಮೊದಲ ದಿನವೇ ಎಡವಟ್ಟು. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಏರು ಹತ್ತಿ ಬರುತ್ತಿದ್ದರು. ಪಕ್ಕದ ಮರದ ಮೇಲೆ ದಾರಿ ತೋರಿಸುವ ಬಿಳಿ ಪಟ್ಟಿ, ಎಲೆಗಳ ಸಂದಿಯಿಂದ ಒಂದು ಕೋಲು ಬಿಸಿಲು. ಕ್ಯಾಮೆರಾ ಎತ್ತುವಷ್ಟರಲ್ಲಿ ದಾಟಿಬಿಟ್ಟರು. ಮದುವೆ ಮನೆಯಲ್ಲಿ "ಹಾರ ಇನ್ನೊಂದ್ಸಲ ಹಾಕಿ" ಅಂದು ಅಭ್ಯಾಸವಾದ ಬಾಯಿ. "ಸ್ವಲ್ಪ ಕೆಳಗಿಳಿದು ಮತ್ತೆ ಹತ್ತಿ ಬರ್ತೀರಾ?" ಅಂದೆ. ಅವರು ಕೋಲಿನ ಮೇಲೆ ಎರಡೂ ಕೈ ಊರಿ ಉಸಿರು ಸುಧಾರಿಸಿಕೊಂಡರು. "ಆ ಇಪ್ಪತ್ತು ಹೆಜ್ಜೆ ಆಗಲೇ ನಡೆದಾಯ್ತಲ್ಲ" ಅಂದು ಹೊರಟೇಹೋದರು.

ಮಾರನೇ ದಿನ ಜಾಗವನ್ನೇ ಬದಲಿಸಿದೆ. ದಾರಿ ಟಾರು ರಸ್ತೆಯನ್ನು ಅಡ್ಡ ಹಾಯುವ ಕಡೆ ಎರಡು ಮಡಚು ಕುರ್ಚಿ, ನೀರು, ಕಿತ್ತಳೆ, ಮನೆಯಲ್ಲಿ ಕರಿದ ಕೊಡುಬಳೆ ಇಟ್ಟುಕೊಂಡು ಕೂತೆ. ನಡೆಯುವವರಿಗೆ ಹೀಗೆ ತಿನ್ನಲು ಕೊಡುವುದಕ್ಕೆ ಅಲ್ಲಿ 'ಟ್ರೇಲ್ ಮ್ಯಾಜಿಕ್' ಅಂತಾರೆ. ನೀವು ಲಂಚ ಅಂದರೂ ನನಗೆ ಬೇಜಾರಿಲ್ಲ. ಬೆಳಕೂ ಅಲ್ಲೇ ಚೆನ್ನ. ಜೂನ್ ತಿಂಗಳ ಕಾಡಿನೊಳಗೆ ಎಲೆಯ ಹಸಿರೆಲ್ಲ ಮುಖಕ್ಕೆ ಬಡಿಯುತ್ತೆ, ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ತೆಗೆಯಹೋದರೆ ಮೈಬಣ್ಣ ಬೂದಿಯಾಗುತ್ತೆ.

ಹೆಸರಿನದ್ದು ಬೇರೆ ತಕರಾರು. ನಮ್ಮೂರ ಅಡ್ಡಹೆಸರಿನ ಹಾಗೆ ದಾರಿಯಲ್ಲಿ ಎಲ್ಲರಿಗೂ ಒಂದು ಹೆಸರು ಬಿದ್ದಿರುತ್ತೆ. ಮನೆಯಲ್ಲಿಟ್ಟ ಹೆಸರು ಹೇಳಲು ಕೆಲವರಿಗೆ ಮನಸ್ಸಿಲ್ಲ. ಪತ್ರಿಕೆಯವರಿಗೋ ಅದೇ ಬೇಕು. ಹಾರ್ಪರ್ಸ್ ಫೆರಿಯಲ್ಲಿರುವ ಟ್ರೇಲ್ ಸಂಸ್ಥೆಯವರು 1979ರಿಂದ ನಡೆಯುವವರ ಫೋಟೋ ತೆಗೆದು ಆಲ್ಬಮ್ ಮಾಡಿಟ್ಟಿದ್ದಾರೆ, ಅದರಲ್ಲೂ ದಾರಿಯ ಹೆಸರಿಗೆ ಜಾಗ ಇದೆ. ಅದನ್ನೇ ಮುಂದಿಟ್ಟು ವಾದ ಮಾಡಿದೆ. ಅರ್ಧ ಗೆದ್ದೆ. ಅಲ್ಲಿಂದಾಚೆ ಯಾವ ಹೆಸರು ಹಾಕಲಿ ಅಂತ ಕೇಳಿ, ಬರೆಸಿ, ಸಹಿ ಹಾಕಿಸಿಕೊಂಡ ಮೇಲೇ ಕ್ಯಾಮೆರಾ ಹೊರಗೆ.

ಒಬ್ಬ ಹುಡುಗ ಕೂತವನೇ ಬೂಟು ಕಳಚಿದ. ಮೊಣಕಾಲ ತನಕ ಕೆಸರು, ಕಾಲುಚೀಲ ಇದ್ದಷ್ಟು ಜಾಗ ಮಾತ್ರ ಬೆಳ್ಳಗೆ, ಎಡ ಹೆಬ್ಬೆರಳಿನ ಉಗುರು ಇರಲೇ ಇಲ್ಲ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ನಾಲ್ಕು ಕೊಡುಬಳೆ ಮುಗಿಸಿದ. ಮುಖಕ್ಕಿಂತ ಕಾಲೇ ನನಗೆ ಚೆನ್ನಾಗಿ ಸಿಕ್ಕಿತು. ಜೇಬಿನ ಪ್ರಿಂಟರಿನಲ್ಲಿ ಅಲ್ಲೇ ಒಂದು ಪ್ರತಿ ತೆಗೆದುಕೊಟ್ಟೆ. ತುಂಬ ಹೊತ್ತು ನೋಡಿ ವಾಪಸ್ ಕೊಟ್ಟ. "ತೂಕ" ಅಂದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿ ಹೊತ್ತವನು. ಉಳಿದ ಕೊಡುಬಳೆ ಮಾತ್ರ ಚೀಲ ಸೇರಿತು, ಅದಕ್ಕೆ ತೂಕ ಇರಲಿಲ್ಲವೇನೋ.

ಹಾಗಾಗಿ ಮನೆಯ ವಿಳಾಸ ಕೇಳಿ ಆ ಫೋಟೋ ಅಂಚೆಯಲ್ಲಿ ಕಳಿಸಿದೆ. ಎರಡು ವಾರಕ್ಕೆ ಅವನ ಅಮ್ಮನ ಕಾಗದ ಬಂತು. ಉಗುರು ಯಾವಾಗ ಹೋಯಿತು, ಔಷಧಿ ಹಚ್ಚುತ್ತಿದ್ದಾನಾ ಅಂತ ನನ್ನನ್ನೇ ಕೇಳಿದ್ದರು.