‘ಅದರಲ್ಲಿ ನೀವು ಮಾಡಿದ್ದೇನು?’

ನಿನ್ನೆ ಬೆಂಗಳೂರಿನ ಒಂದು ಲಾ ಫರ್ಮಿನ ಇಂಟರ್‌ವ್ಯೂ ಇತ್ತು, ವಿಡಿಯೋದಲ್ಲಿ. ಸದ್ದು ಕೇಳಿಸುತ್ತದೆ ಅಂತ ಫ್ಯಾನ್ ಬಂದ್ ಮಾಡಿ, ಕಲಬುರಗಿ ಬಿಸಿಲಲ್ಲಿ ಕರೀ ಕೋಟು ಹಾಕಿಕೊಂಡು ಕೂತಿದ್ದೆ.

ಕಾನೂನು ಕೇಳುತ್ತಾರೆ ಅಂತ ರಾತ್ರಿಯೆಲ್ಲ ಭಾರತೀಯ ನ್ಯಾಯ ಸಂಹಿತೆ ತಿರುವಿದ್ದೆ. ಹಳೇ ಐಪಿಸಿಯ 420, ಅಂದರೆ ವಂಚನೆ, ಈಗ ಇದರಲ್ಲಿ 318(4), ಎಲ್ಲ ಬಾಯಿಪಾಠ. ಅವರು ಕೇಳಿದ್ದು ಬೇರೆ. ‘ನಿಮ್ಮಿಂದಾದ ಒಂದು ತಪ್ಪು ಹೇಳಿ.’

‘ಜಾಸ್ತಿ ಕೆಲಸ ಮಾಡುವುದೇ ನನ್ನ ದೋಷ’ ಅಂತ ಸುಮ್ನೆ ಅಂದುಬಿಡಬಹುದಿತ್ತು. ಎಲ್ಲರೂ ಅದನ್ನೇ ಹೇಳ್ತಾರೆ, ಅಲ್ವಾ? ನಾನು ನಿಜ ಹೇಳಿದೆ. ಇಲ್ಲಿನ ಹೈಕೋರ್ಟ್ ಪೀಠಕ್ಕೆ ಒಂದು ಅಪೀಲು ಹಾಕಬೇಕಿತ್ತು, 90 ದಿನದ ಗಡುವು, ತೀರ್ಪಿನ ಸರ್ಟಿಫೈಡ್ ಕಾಪಿ ಸಿಗಲು ಹಿಡಿದ ದಿನಗಳು ಗಡುವಿಗೆ ಸೇರುವುದಿಲ್ಲ, ಅವನ್ನು ಕಳೆಯುವಾಗ ಲೆಕ್ಕ ತಪ್ಪಿ ಮೂರು ದಿನ ಲೇಟಾಯಿತು. ಅವತ್ತೇ ಸೀನಿಯರ್‌ಗೆ ಹೇಳಿ ಬೈಸಿಕೊಂಡೆ. ಲಿಮಿಟೇಶನ್ ಕಾಯ್ದೆಯ ಸೆಕ್ಷನ್ 5ರಡಿ ವಿಳಂಬ ಮನ್ನಿಸಿ ಅಂತ ಅರ್ಜಿ, ಅಫಿಡವಿಟ್ ಎಲ್ಲ ರಾತ್ರಿ ಕೂತು ಟೈಪ್ ಮಾಡಿದೆ.

ತೊಡಕಾದದ್ದು ಇಲ್ಲಿ. ನಾನು ‘ನಾವು ಹೇಳಿದ್ವಿ, ನಾವು ಅರ್ಜಿ ಹಾಕಿದ್ವಿ’ ಅಂತಲೇ ಹೇಳುತ್ತಿದ್ದೆ. ಅವರು ಎರಡು ಸಲ ತಡೆದರು. ‘ಅದರಲ್ಲಿ ನೀವು ಮಾಡಿದ್ದೇನು?’ ಏನಾಯಿತು, ನಿಮ್ಮ ಪಾಲಿನ ಕೆಲಸ ಯಾವುದು, ನೀವೇ ಏನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟೇ ಬೇಕಂತೆ ಅವರಿಗೆ. ನಮ್ಮ ಕಡೆ ‘ನಾನು ಮಾಡಿದೆ’ ಅಂದರೆ ಸೊಕ್ಕು ಅಂತಾರೆ. ಬಾಯಿ ಹೊರಳುವುದಿಲ್ಲ.

ಬಾಗಿಲ ಹಿಂದೆ ನಿಂತು ಅವ್ವ ಎಲ್ಲ ಕೇಳಿಸಿಕೊಂಡಿದ್ದಾಳೆ. ‘ಆ ತಪ್ಪು ಯಾಕ ಹೇಳಿದಿ?’ ಅಂತ ಮುಂಜಾನೆಯಿಂದ ಇದು ನಾಲ್ಕನೇ ಸಲ.