ಮೈಲುತುತ್ತದ ಮುಂದೆ ನನ್ನ ಸೂತ್ರ ನಿಲ್ಲಲಿಲ್ಲ

ಏಳನೇ ಕ್ಲಾಸಿಗೆ ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಪಾಠ ಮಾಡುವಾಗ ನಾನು ಒಂದೇ ಸಾಲು ಬರೆಸುತ್ತಿದ್ದೆ: "ವಾಪಸ್ ತರಲು ಬಂದರೆ ಭೌತ, ಬಾರದಿದ್ದರೆ ರಾಸಾಯನಿಕ." ಐಸು ಕರಗಿ ನೀರಾಯಿತು, ಫ್ರಿಜ್ಜಿನಲ್ಲಿಟ್ಟರೆ ಮತ್ತೆ ಐಸು. ಕಾಗದ ಸುಟ್ಟರೆ ಬೂದಿ, ಬೂದಿಯಿಂದ ಕಾಗದ ಬಾರದು. ಮಕ್ಕಳಿಗೂ ಸಲೀಸು, ನೋಟ್ಸ್ ತಿದ್ದುವ ನನಗೂ ಸಲೀಸು. ಬೆಂಗಳೂರಿನ ಒಂದು ಶಾಲೆಯಲ್ಲಿ ವರ್ಷಗಟ್ಟಲೆ ಹೀಗೇ ನಡೆಯಿತು.

ಹೋದ ವರ್ಷ ಮೈಲುತುತ್ತ (ತಾಮ್ರದ ಸಲ್ಫೇಟಿನ ನೀಲಿ ಹರಳು) ಕಾಯಿಸಿ ತೋರಿಸಿದೆ. ನಮ್ಮ ಲ್ಯಾಬಿಗೆ ಗ್ಯಾಸ್ ಲೈನಿಲ್ಲ, ಸ್ಪಿರಿಟ್ ದೀಪವೇ ಗತಿ. ಟೆಸ್ಟ್ ಟ್ಯೂಬಿನ ಬಾಯಿ ಸ್ವಲ್ಪ ಕೆಳಗಾಗುವ ಹಾಗೆ ಓರೆಯಾಗಿ ಹಿಡಿಯಬೇಕು. ಹರಳಿನಿಂದ ಹೊರಟ ಆವಿ ಬಾಯಿಯ ಹತ್ತಿರ ಹನಿಯಾಗುತ್ತದೆ. ಅದು ಹಿಂದಕ್ಕೆ ಹರಿದು ಕಾದ ತಳಕ್ಕೆ ತಾಗಿದರೆ ಗಾಜು ಸೀಳುತ್ತದೆ. (ಇದನ್ನು ಕಲಿಯಲು ಎರಡು ಟ್ಯೂಬ್ ಕಳೆದುಕೊಂಡಿದ್ದೇನೆ.) ಅಂಚಿನಿಂದ ನೀಲಿ ಮಾಸುತ್ತಾ ಬಂತು, ಕೊನೆಗೆ ರವೆಯ ಹಾಗೆ ಬೆಳ್ಳಗಿನ ಪುಡಿ ಉಳಿಯಿತು. ಆರಲು ಬಿಟ್ಟು ಎರಡು ಹನಿ ನೀರು ಹಾಕಿದೆ. ಕಣ್ಣೆದುರೇ ನೀಲಿ ಮರಳಿತು.

"ವಾಪಸ್ ಬಂತಲ್ಲ ಮಿಸ್! ಹಾಗಾದ್ರೆ ಇದು ಭೌತ ಅಲ್ವಾ?" ಮೂರನೇ ಬೆಂಚಿನ ಹುಡುಗಿ ಕೇಳಿದಳು.

ನನ್ನ ಬಾಯಿಂದ ಬಂದದ್ದು: "ಟೆಸ್ಟಿಗೆ ರಾಸಾಯನಿಕ ಅಂತ ಬರಿ." ಆಗಲೇ ಪಕ್ಕದವನು ರಫ್ ನೋಟಿನ ಹಾಳೆ ಪರ್‍ರನೆ ಹರಿದು, "ಇದನ್ನ ವಾಪಸ್ ಮಾಡಕ್ಕಾಗಲ್ಲ, ಇದು ರಾಸಾಯನಿಕನಾ ಮಿಸ್?" ಅಂದ. ತಲೆಹರಟೆ ಅಂತ ಗದರಿದೆ. ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಅದೇ ಕೊರೆಯಿತು. ವಾಪಸ್ ಬರುವುದು, ಬಾರದಿರುವುದು ಬರೀ ಸುಳಿವು, ಅದೂ ಕೈಕೊಡುವ ಸುಳಿವು. ಕೇಳಬೇಕಾದ್ದು ಮೊದಲಿದ್ದ ವಸ್ತುವೇ ಇದೆಯಾ, ಬೇರೆಯದು ಹುಟ್ಟಿತಾ ಅಂತ. ಮೈಲುತುತ್ತದ ಹರಳಿನಲ್ಲಿ ಒಂದು ತಾಮ್ರಕ್ಕೆ ಐದು ನೀರಿನ ಅಣುಗಳ ಲೆಕ್ಕ. ಹರಳಿನ ತೂಕದಲ್ಲಿ ನೂರಕ್ಕೆ ಸುಮಾರು 36 ಭಾಗ ನೀರೇ. ತಾಮ್ರಕ್ಕೆ ನೀರು ಕಟ್ಟಿಕೊಂಡಿರುವುದರಿಂದಲೇ ಆ ನೀಲಿ. ಕಾಯಿಸಿದಾಗ ಆ ಕಟ್ಟು ಬಿಚ್ಚಿ ಬೇರೆ ವಸ್ತುವಾಯಿತು, ನೀರು ಹಾಕಿದಾಗ ಮತ್ತೆ ಕಟ್ಟಿತು. ಹರಿದ ಹಾಳೆಯಾದರೋ ಎಷ್ಟು ಚೂರಾದರೂ ಕಾಗದವೇ.

ಮಾರನೆಯ ದಿನ ಬಿಳಿ ಪುಡಿಗೆ ನೀರು ಹಾಕುವ ಮುಂಚೆ ಟ್ಯೂಬನ್ನು ಮೂರನೇ ಬೆಂಚಿನ ಆ ಹುಡುಗಿಯ ಕೈಗೇ ಕೊಟ್ಟೆ. ಹನಿ ಬಿದ್ದದ್ದೇ "ಅಯ್ಯೋ, ಬಿಸಿ ಮಿಸ್!" ಎಂದು ಕಿರುಚಿದಳು. ತಣ್ಣೀರು ಹಾಕಿದರೆ ಬಿಸಿ ಯಾಕಾಯಿತು ಎಂಬ ಪ್ರಶ್ನೆಯೊಂದೇ ಅರ್ಧ ಪೀರಿಯಡ್ ನುಂಗಿತು.

ಆಮೇಲೆ ನಮ್ಮೂರಿನ ಬೋರ್‌ವೆಲ್ ನೀರಿನ ಸರದಿ. ಗೀಸರಿನ ಕಾಯಿಲ್ ಮೇಲೆ ಕೂರುವ ಬಿಳಿ ಪದರ ಬೋರ್‌ವೆಲ್, ಟ್ಯಾಂಕರ್ ನೀರು ಬಳಸುವ ಮನೆಯವರಿಗೆಲ್ಲ ಗೊತ್ತು. ಎಲ್ಲರೂ ಅದನ್ನು "ಉಪ್ಪು" ಅನ್ನುತ್ತೇವೆ. ಒಬ್ಬ ಹುಡುಗ ಅಮ್ಮನ ಕಣ್ತಪ್ಪಿಸಿ ಕೆರೆದ ಪುಡಿಯನ್ನು ತಿಂಡಿ ಡಬ್ಬಿಯಲ್ಲಿ ತಂದ. ಅಡುಗೆ ಉಪ್ಪು ಕರಗಿಸಿದ ನೀರನ್ನು ಇಂಗಿಸಿ, ಉಳಿದ ಬಿಳಿ ಪುಡಿಯನ್ನು ಅದರ ಪಕ್ಕದಲ್ಲಿಟ್ಟೆ. ನೋಡಲು ಎರಡೂ ಅಕ್ಕತಂಗಿಯರು. ನಿಂಬೆಹುಳಿ ಹಿಂಡಿದರೆ ಉಪ್ಪು ಸುಮ್ಮನಿತ್ತು, ಗೀಸರಿನ ಪುಡಿ ಬುರುಬುರು ನೊರೆಯೆದ್ದಿತು. ಉಪ್ಪು ನೀರಿಗೆ ಹೋಗಿ ಉಪ್ಪಾಗಿಯೇ ಬಂದಿತ್ತು. ನೀರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾತ್ರ ಕಾದಾಗ ಇಂಗಾಲದ ಡೈ ಆಕ್ಸೈಡ್ ಬಿಟ್ಟು, ಕರಗದ ಕಾರ್ಬೊನೇಟ್ ಆಗಿ ಕಾಯಿಲ್‌ಗೆ ಅಂಟಿತ್ತು. ನೀರು ಕುದಿಯುವುದು ಭೌತ ಬದಲಾವಣೆ ಎಂದು ಕಣ್ಮುಚ್ಚಿ ಬರೆಸುತ್ತಿದ್ದವಳು ನಾನು. ಅದೇ ನೀರಿನಲ್ಲಿ ರಾಸಾಯನಿಕ ಬದಲಾವಣೆಯೂ ನಡೆಯುತ್ತಿತ್ತು.

ಉಪ್ಪು ಕರಗುವುದು ಬರೀ ಭೌತವೇ ಎಂಬ ತಕರಾರು ಪಿಯುಸಿ ಹೊತ್ತಿಗೆ ಮತ್ತೆ ಏಳುತ್ತದೆ. ಅದು ಅಲ್ಲಿನವರ ತಲೆನೋವು.

ವಾರದ ಕೊನೆಗೆ ಹಳೆಯ ಸಾಲನ್ನು ನೋಟ್ಸಿನಲ್ಲಿ ಹೊಡೆದು ಹಾಕಲು ಹೇಳಿದೆ, ತಪ್ಪು ನನ್ನದೇ ಎಂದೂ ಹೇಳಿದೆ. ಒಂದು ಕ್ಷಣ ಯಾರೂ ಅಲುಗಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಕೈ ಎದ್ದಿತು: "ಸ್ಕೇಲಿಟ್ಟು ಹೊಡೀಬೇಕಾ ಮಿಸ್, ಸುಮ್ನೆ ಹೊಡೀಬೋದಾ?"